ಹರಳಿನೊಳಗೆ ಕಣ್ಣಿಟ್ಟ ಡೊರೊತಿ ಹಾಜ್‌ಕಿನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನವನ್ನು ಪರಿಚಯಿಸಿ ಬರೆಯಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ಯಾವ ವಿಜ್ಞಾನಿಯ ಮುಖವೂ ಅಲ್ಲ, ನಮ್ಮ ಮನೆಯ ಕೊಟ್ಟಿಗೆಯ ಮೂಲೆಯಲ್ಲಿದ್ದ ಮೈಲುತುತ್ತಿನ ಚೀಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗಲದಂತೆ ಮದ್ದು ಬಿಡುವ ಕಾಸರಗೋಡಿನ ತೋಟದ ಮನೆಗಳಿಗೆಲ್ಲ ಆ ನೀಲಿ ಬಣ್ಣ ಪರಿಚಿತವಾದುದೇ. ಸುಣ್ಣದ ನೀರಿಗೆ ಬೆರೆಸುವ ಮೊದಲು ಕರಗಿಸಿಟ್ಟ ಮೈಲುತುತ್ತು ಪಾತ್ರೆಯ ಅಂಚಿನಲ್ಲಿ ಆರಿದಲ್ಲೆಲ್ಲ ಓರೆ ಮುಖದ ಸಣ್ಣ ಹರಳುಗಳು ಮೂಡುತ್ತಿದ್ದವು. ಅವುಗಳನ್ನು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ನಾನು ಶಾಲೆಗೆ ಒಯ್ದೆ. ನಮ್ಮ ವಿಜ್ಞಾನದ ಮಾಷ್ಟ್ರು ಗದರಿಸಲಿಲ್ಲ. ಅವುಗಳಲ್ಲೊಂದನ್ನು ನೂಲಿಗೆ ಕಟ್ಟಿ, ಗಾಜಿನ ಲೋಟದ ನೀಲಿ ದ್ರಾವಣದಲ್ಲಿ ಇಳಿಬಿಟ್ಟು, ಹದಿನೈದು ದಿನ ಯಾರೂ ಲೋಟವನ್ನು ಅಲುಗಾಡಿಸಕೂಡದೆಂದು ತರಗತಿಗೆ ಕಟ್ಟಪ್ಪಣೆ ಮಾಡಿದರು. ಹದಿನಾರನೆಯ ದಿನ ಹೊರಬಂದ ಹರಳಿನ ಅಂಚುಗಳು ಕತ್ತಿಯಿಂದ ಕೊಯ್ದಂತೆ ನೇರವಾಗಿದ್ದವು. ಈ ಅಂಚನ್ನು ನೇರ ಮಾಡಿದವರು ಯಾರು ಎಂಬ ಪ್ರಶ್ನೆ ಆ ದಿನ ನನ್ನನ್ನು ಹಿಡಿದದ್ದು ಬಿಡಲಿಲ್ಲ.

ಸುಮಾರು 1920ರಲ್ಲಿ ಇಂಗ್ಲೆಂಡಿನ ಒಂದು ಪುಟ್ಟ ಶಾಲೆಯಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು ಪಟಿಕ ಮತ್ತು ಇದೇ ಮೈಲುತುತ್ತಿನ ಹರಳುಗಳನ್ನು ಬೆಳೆಸಿ ಅದೇ ಪ್ರಶ್ನೆಗೆ ಸಿಕ್ಕಿಬಿದ್ದಿದ್ದಳೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಕೆ ಮುಂದೆ ಡೊರೊತಿ ಹಾಜ್‌ಕಿನ್ ಎಂದು ಜಗದ್ವಿಖ್ಯಾತರಾದರು. ಪೆನಿಸಿಲಿನ್, ಬಿ-12 ಜೀವಸತ್ವ, ಇನ್ಸುಲಿನ್ ಈ ಮೂರರ ಒಳರಚನೆಯನ್ನು ಮನುಷ್ಯನ ಕಣ್ಣಿಗೆ ತೋರಿಸಿದವರಲ್ಲಿ ಅವರು ಅಗ್ರಗಣ್ಯರು. ನಮ್ಮ ಮನೆಗಳಲ್ಲಿ ಹಿರಿಯರು ಊಟಕ್ಕೆ ಮುಂಚೆ ಚುಚ್ಚಿಕೊಳ್ಳುವ ಸೂಜಿಮದ್ದನ್ನು ಕಂಡಾಗಲೆಲ್ಲ ಈ ಹೆಸರನ್ನು ನೆನೆಯುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಡೊರೊತಿ ಕ್ರೋಫುಟ್ ಹುಟ್ಟಿದ್ದು 1910ರ ಮೇ 12ರಂದು, ಈಜಿಪ್ಟಿನ ಕೈರೋದಲ್ಲಿ. ತಂದೆ ಅಲ್ಲಿ ಬ್ರಿಟಿಷ್ ಆಡಳಿತದ ವಿದ್ಯಾ ಇಲಾಖೆಯಲ್ಲಿದ್ದು, ಬಳಿಕ ಸೂಡಾನಿಗೆ ಹೋದವರು, ಮನಸ್ಸೆಲ್ಲ ಪ್ರಾಕ್ತನಶಾಸ್ತ್ರದಲ್ಲಿ. ತಾಯಿ ಪ್ರಾಚೀನ ನೇಯ್ಗೆಗಳನ್ನು ಅಭ್ಯಾಸ ಮಾಡಿದ ವಿದುಷಿ. ಮೊದಲನೆಯ ಮಹಾಯುದ್ಧ ಆರಂಭವಾದಾಗ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು ಹೆತ್ತವರು ಕೆಲಸದ ಊರಿಗೆ ಮರಳಬೇಕಾಯಿತು. ಮುಂದೆ ವರ್ಷಗಟ್ಟಲೆ ಹುಡುಗಿಯರು ಬಂಧುಗಳ ಆಶ್ರಯದಲ್ಲಿ ಬೆಳೆದರು. ಮನೆಯ ಹಿರಿಯಳಾದ ಡೊರೊತಿಗೆ ಹೊಣೆಗಾರಿಕೆ ಬೇಗನೆ ಬಂತು. ಬೆಕಲ್ಸ್ ಎಂಬ ಊರಿನ ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಗಂಡುಮಕ್ಕಳಿಗೆ ಮಾತ್ರ ಕಲಿಸುತ್ತಿದ್ದರು. ಡೊರೊತಿ ಮತ್ತು ಇನ್ನೊಬ್ಬ ಹುಡುಗಿಗೆ ಆ ತರಗತಿಯಲ್ಲಿ ಕೂರಲು ವಿಶೇಷ ಅನುಮತಿ ದೊರೆಯಿತು. ಸೂಡಾನಿನಲ್ಲಿ ಹೆತ್ತವರನ್ನು ಕಾಣಲು ಹೋದಾಗ ಕುಟುಂಬದ ಸ್ನೇಹಿತರಾದ ಮಣ್ಣಿನ ರಸಾಯನಜ್ಞ ಡಾ. ಜೋಸೆಫರು ಖನಿಜಗಳನ್ನು ಪರೀಕ್ಷಿಸುವ ಪೆಟ್ಟಿಗೆಯೊಂದನ್ನು ಕೊಟ್ಟರು. ಹದಿನಾರನೆಯ ಹುಟ್ಟುಹಬ್ಬಕ್ಕೆ ತಾಯಿ ಕೊಟ್ಟದ್ದು ವಿಲಿಯಂ ಹೆನ್ರಿ ಬ್ರ್ಯಾಗ್ ಮಕ್ಕಳಿಗಾಗಿ ಬರೆದ ಒಂದು ವಿಜ್ಞಾನ ಪುಸ್ತಕ. ಕ್ಷ-ಕಿರಣದ ನೆರವಿನಿಂದ ಪರಮಾಣುಗಳನ್ನೇ ನೋಡಬಹುದೆಂದು ಅದರಲ್ಲಿ ಓದಿದ ದಿನವೇ ಅವರ ದಾರಿ ನಿಶ್ಚಯವಾಯಿತೆನ್ನಬೇಕು.

ಆ ವಿದ್ಯೆಯ ವಿಷಯವನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳದೆ ಮುಂದುವರಿಯಲಾಗದು. ಜರ್ಮನಿಯ ಮ್ಯೂನಿಕ್‌ನಲ್ಲಿ 1912ರಲ್ಲಿ ಮಾಕ್ಸ್ ಫಾನ್ ಲೌಯೆ ಸೂಚಿಸಿದಂತೆ ಫ್ರೀಡ್ರಿಕ್ ಮತ್ತು ನಿಪ್ಪಿಂಗ್ ಎಂಬವರು ಹರಳೊಂದರ ಮೂಲಕ ಕ್ಷ-ಕಿರಣವನ್ನು ಹಾಯಿಸಿದರು. ಹಿಂದಿಟ್ಟ ಛಾಯಾಫಲಕದ ಮೇಲೆ ಚುಕ್ಕಿಗಳು ಮೂಡಿದವು. ಅವರು ಆರಿಸಿಕೊಂಡ ಹರಳು ಮೈಲುತುತ್ತು! ನಮ್ಮ ಕೊಟ್ಟಿಗೆಯ ಚೀಲದಲ್ಲಿ ಅಂಥ ಚರಿತ್ರೆಯ ವಸ್ತು ಬಿದ್ದಿತ್ತೆಂದು ತಿಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಹರಳಿನಲ್ಲಿ ಪರಮಾಣುಗಳು ಸಾಲುಗಟ್ಟಿ ಒಂದೇ ಕ್ರಮದಲ್ಲಿ ನಿಂತಿರುವುದರಿಂದ ಕಿರಣವು ನಿರ್ದಿಷ್ಟ ದಿಕ್ಕುಗಳಲ್ಲಿ ಮಾತ್ರ ಚೆದರುತ್ತದೆ. ಚುಕ್ಕಿಯ ಸ್ಥಾನವನ್ನೂ ಕಪ್ಪನ್ನೂ ಅಳೆದು ಹಿಂದಕ್ಕೆ ಲೆಕ್ಕ ಹಾಕಿದರೆ ಪರಮಾಣುಗಳಿರುವ ಜಾಗ ಸಿಕ್ಕಬೇಕು. ಆದರೆ ಒಂದು ತೊಡಕಿದೆ. ಕೆರೆಗೆ ಬಿದ್ದ ಕಲ್ಲುಗಳನ್ನು ಕಾಣದೆ, ದಡಕ್ಕೆ ಬಂದ ಅಲೆಗಳಿಂದಲೇ ಅವು ಬಿದ್ದ ಜಾಗಗಳನ್ನು ಹೇಳಬೇಕೆಂದು ಭಾವಿಸಿರಿ. ಅಲೆಗಳ ಎತ್ತರ ನಮಗೆ ಗೊತ್ತು, ಯಾವ ಅಲೆ ಯಾವ ಕ್ಷಣದಲ್ಲಿ ದಡ ಮುಟ್ಟಿತೆಂಬುದು ಗೊತ್ತಿಲ್ಲ. ಛಾಯಾಫಲಕವೂ ಹಾಗೆಯೇ, ಅರ್ಧವನ್ನು ಹೇಳಿ ಅರ್ಧವನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟ ಅರ್ಧವನ್ನು ಊಹೆ, ಲೆಕ್ಕ ಮತ್ತು ತಾಳ್ಮೆಯಿಂದ ಹೊರಡಿಸುವುದೇ ಈ ಶಾಸ್ತ್ರದ ಕಷ್ಟ.

ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿಗೆ 1928ರಲ್ಲಿ ಸೇರಿ, 1932ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಡೊರೊತಿ ಕೇಂಬ್ರಿಜ್‌ಗೆ ಹೋಗಿ ಜೆ. ಡಿ. ಬರ್ನಾಲರ ಶಿಷ್ಯೆಯಾದರು. ಬರ್ನಾಲರು ಅಸಾಮಾನ್ಯ ಪ್ರತಿಭೆಯ ಮನುಷ್ಯ. ಎಲ್ಲರೂ ಅಳೆದ ಹರಳುಗಳ ವಿವರಗಳನ್ನು ಒಂದೆಡೆ ಕೂಡಿಟ್ಟರೆ, ಬಿಡಿಬಿಡಿಯಾಗಿ ಯಾರಿಗೂ ಕಾಣದ ಸತ್ಯವು ಆ ರಾಶಿಯಿಂದಲೇ ಎದ್ದುಬರುವುದೆಂಬ ನಂಬಿಕೆ ಅವರದು. ಆ ನಂಬಿಕೆಯ ಕಥೆಗೆ ಮುಂದೆ ಬರುತ್ತೇನೆ. ಅವರಿಬ್ಬರೂ 1934ರಲ್ಲಿ ಪೆಪ್ಸಿನ್ ಎಂಬ ಪ್ರೋಟೀನಿನ ಹರಳಿನಿಂದ ಕ್ಷ-ಕಿರಣ ಚಿತ್ರ ದೊರೆತುದನ್ನು ಪ್ರಕಟಿಸಿದರು. ಹರಳನ್ನು ಒಣಗಲು ಬಿಡದೆ, ಅದು ಬೆಳೆದ ದ್ರವದಲ್ಲಿಯೇ ಗಾಜಿನ ನಳಿಗೆಯಲ್ಲಿ ಇರಿಸಿದ್ದರಿಂದ ಪ್ರೋಟೀನುಗಳ ಲೋಕದ ಬಾಗಿಲು ತೆರೆಯಿತು. ಮೊದಲ ಚಿತ್ರವನ್ನು ಬರ್ನಾಲರು ತೆಗೆದ ದಿನ ಡೊರೊತಿ ಪ್ರಯೋಗಾಲಯದಲ್ಲಿರಲಿಲ್ಲ. ಕೈಗಳ ಗಂಟುನೋವನ್ನು ತೋರಿಸಲು ಲಂಡನ್ನಿನ ವೈದ್ಯರಲ್ಲಿಗೆ ಹೋಗಿದ್ದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಸಂಧಿವಾತವೆಂದು ಗೊತ್ತಾದ ಆ ನೋವು ಮುಂದಿನ ಅರುವತ್ತು ವರ್ಷ ಅವರನ್ನು ಬಿಡಲಿಲ್ಲ. ಬೆರಳುಗಳು ಸೊಟ್ಟಗಾದವು. ಕ್ಷ-ಕಿರಣ ಯಂತ್ರದ ಗುಂಡಿಯನ್ನು ಒತ್ತಲಾರದೆ ಅದಕ್ಕೊಂದು ಉದ್ದನೆಯ ಹಿಡಿಕೆಯನ್ನು ಮಾಡಿಸಿಕೊಂಡರು. ಅಂಥ ಕೈಗಳಿಂದಲೇ ಕೂದಲೆಳೆಯಷ್ಟು ಸಣ್ಣ ಹರಳುಗಳನ್ನು ಗಾಜಿನ ಕಡ್ಡಿಯ ತುದಿಗೆ ಅಂಟಿಸುತ್ತಿದ್ದರೆಂಬುದನ್ನು, ಈ ಕೆಲಸವನ್ನು ಆರೋಗ್ಯವಂತ ಕೈಗಳಿಂದ ಮಾಡಿ ಹತ್ತಾರು ಹರಳುಗಳನ್ನು ಕಳೆದುಕೊಂಡ ನಾನು ಬಲ್ಲೆ.

ಅದೇ ವರ್ಷ ಆಕ್ಸ್‌ಫರ್ಡಿಗೆ ಮರಳಿದಾಗ ಅವರಿಗೆ ದೊರೆತ ಸ್ಥಳ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಕಟ್ಟಡದಲ್ಲಿ. ಹೊರಗೆ ಪ್ರಾಣಿಗಳ ಅಸ್ಥಿಪಂಜರಗಳು, ಒಳಗೆ ಕ್ಷ-ಕಿರಣದ ಯಂತ್ರ. ಸೂಕ್ಷ್ಮದರ್ಶಕಕ್ಕೆ ಬೇಕಾದ ಬೆಳಕಿರುವ ಕಿಟಕಿ ಎತ್ತರದಲ್ಲಿದ್ದುದರಿಂದ ಹರಳನ್ನು ಕೈಯಲ್ಲಿ ಹಿಡಿದು ಏಣಿ ಹತ್ತಿ ಇಳಿಯಬೇಕು. ಲೆಕ್ಕಕ್ಕೆ ಗಣಕಯಂತ್ರ ಎಲ್ಲಿಂದ ಬರಬೇಕು? ಬೀವರ್ಸ್ ಮತ್ತು ಲಿಪ್ಸನ್ ಎಂಬಿಬ್ಬರು ತಯಾರಿಸಿದ, ಸೈನ್-ಕೊಸೈನ್ ಬೆಲೆಗಳನ್ನು ಅಚ್ಚು ಹಾಕಿದ ರಟ್ಟಿನ ಪಟ್ಟಿಗಳೇ ಆಗಿನ ತಂತ್ರಾಂಶ. ಮರದ ಪೆಟ್ಟಿಗೆಯಿಂದ ಬೇಕಾದ ಪಟ್ಟಿಗಳನ್ನು ಆಯ್ದು, ಒಂದರ ಕೆಳಗೊಂದು ಜೋಡಿಸಿ, ಸಾಲು ಸಾಲಾಗಿ ಕೂಡಬೇಕು. ಒಂದು ನಕ್ಷೆಗೆ ಇಂಥ ಸಾವಿರಾರು ಕೂಡಿಕೆಗಳು. ಒಂದು ಅಂಕಿ ತಪ್ಪಿದರೆ ಇಲ್ಲದ ಪರಮಾಣು ಹುಟ್ಟಿಕೊಳ್ಳುತ್ತದೆ!

ಆಫ್ರಿಕದ ಇತಿಹಾಸದಲ್ಲಿ ಮುಂದೆ ವಿದ್ವಾಂಸರಾಗಿ ಹೆಸರಾದ ಥಾಮಸ್ ಹಾಜ್‌ಕಿನ್‌ರನ್ನು 1937ರಲ್ಲಿ ಮದುವೆಯಾದರು. ಮೂವರು ಮಕ್ಕಳಾದರು. ಪತಿ ಬಹುಕಾಲ ಬೇರೆ ಊರುಗಳಲ್ಲಿ ಕೆಲಸ ಮಾಡುತ್ತಿದ್ದುದರಿಂದ ಮನೆಯ ಭಾರವೂ ಪ್ರಯೋಗಾಲಯದ ಭಾರವೂ ಒಟ್ಟಿಗೇ ನಡೆದವು.

ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಉಳಿಸುತ್ತಿದ್ದ ಪೆನಿಸಿಲಿನ್ನನ್ನು ಬೂಷ್ಟಿನಿಂದ ತೆಗೆಯುವುದು ಕಷ್ಟವಾಗಿತ್ತು. ರಚನೆ ತಿಳಿದರೆ ಕೃತಕವಾಗಿ ತಯಾರಿಸಬಹುದೆಂಬ ಆಸೆ. ಅಮೆರಿಕದಿಂದ ಮಿಲಿಗ್ರಾಂ ಲೆಕ್ಕದಲ್ಲಿ ಹರಳುಗಳು ಬಂದವು. ರಸಾಯನಜ್ಞರಲ್ಲಿ ಎರಡು ಪಕ್ಷಗಳು. ಸಾವಯವ ರಸಾಯನದ ಸಾರ್ವಭೌಮರಂತಿದ್ದ ಸರ್ ರಾಬರ್ಟ್ ರಾಬಿನ್ಸನ್ನರ ಪಕ್ಷ ಒಂದು ರಚನೆಯನ್ನು ಹಿಡಿದಿತ್ತು. ಮೂರು ಇಂಗಾಲ, ಒಂದು ಸಾರಜನಕ ಸೇರಿದ ಇಕ್ಕಟ್ಟಿನ ಚೌಕಬಳೆ, ಎಂದರೆ ಬೀಟಾ-ಲ್ಯಾಕ್ಟಮ್, ಇದರಲ್ಲಿದೆಯೆಂದು ಇನ್ನೊಂದು ಪಕ್ಷ. ಅಂಥ ಬಳೆ ಉಳಿಯಲಾರದೆಂಬುದು ಬಲ್ಲವರ ಮತ. ಡೊರೊತಿ ಯಾವ ಪಕ್ಷವನ್ನೂ ಸೇರಲಿಲ್ಲ. ಬಾರ್ಬರಾ ಲೋ ಎಂಬ ಶಿಷ್ಯೆಯೊಡನೆ ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ ಲವಣಗಳ ಹರಳುಗಳನ್ನು ಅಳೆಯುತ್ತ ಹೋದರು. ರಟ್ಟಿನ ಪಟ್ಟಿಗಳಿಗೆ ಮೀರಿದ ಲೆಕ್ಕವನ್ನು ರಂಧ್ರ ಕೊರೆದ ಕಾರ್ಡುಗಳ ಯಂತ್ರಕ್ಕೆ ಒಪ್ಪಿಸಿದರು. ಹಗಲಿನಲ್ಲಿ ಹಡಗುಗಳ ಸರಕಿನ ಲೆಕ್ಕವಿಡುತ್ತಿದ್ದ ಯಂತ್ರ ರಾತ್ರಿಯ ಹೊತ್ತು ಪೆನಿಸಿಲಿನ್ನಿನ ಲೆಕ್ಕ ಮಾಡಿತು. ಜೀವಲೋಕದ ಅಣುವೊಂದರ ರಚನೆಗೆ ಯಂತ್ರಗಣನೆಯನ್ನು ಬಳಸಿದ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು. 1945ರಲ್ಲಿ ನಕ್ಷೆ ಸ್ಪಷ್ಟವಾದಾಗ ಚೌಕಬಳೆ ಅಲ್ಲಿಯೇ ಇತ್ತು. ಇದು ನಿಜವಾದರೆ ರಸಾಯನಶಾಸ್ತ್ರವನ್ನು ಬಿಟ್ಟು ಅಣಬೆ ಬೆಳೆಯುತ್ತೇನೆಂದು ಜಾನ್ ಕಾರ್ನ್‌ಫೋರ್ತ್ ಎಂಬ ತರುಣ ರಸಾಯನಜ್ಞರು ಹೇಳಿದ್ದರಂತೆ. ಅವರು ಅಣಬೆ ಬೆಳೆಯಲಿಲ್ಲ. 1975ರಲ್ಲಿ ನೊಬೆಲ್ ಪಡೆದರು. ಯುದ್ಧದ ಗೋಪ್ಯತೆಯಿಂದಾಗಿ ಈ ಕೆಲಸದ ಪೂರ್ಣ ವಿವರ ಅಚ್ಚಾದದ್ದು 1949ರಲ್ಲಿ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಗೆದ್ದ ಸಂಗತಿಯಲ್ಲ. ಹಿರಿಯರ ಮಾತಿಗೂ ಅಳತೆಗೂ ವಿರೋಧ ಬಂದಾಗ ಅವರು ಗದ್ದಲವಿಲ್ಲದೆ ಅಳತೆಯ ಪಕ್ಕದಲ್ಲಿ ನಿಂತರು. ರಾಬಿನ್ಸನ್ನರೇ 1934ರಲ್ಲಿ ಅವರಿಗೆ ಇನ್ಸುಲಿನ್ನಿನ ಮೊದಲ ಮಾದರಿಯನ್ನು ಕೊಟ್ಟವರು. ಆ ಗೌರವವೂ ಕೊನೆಯವರೆಗೆ ಉಳಿಯಿತು.

ಬಿ-12 ಜೀವಸತ್ವದ ಕಥೆ ಇನ್ನೂ ಸೊಗಸಾದುದು. ಮಾರಕವಾಗಿದ್ದ ಒಂದು ಬಗೆಯ ರಕ್ತಹೀನತೆಯನ್ನು ಗುಣಪಡಿಸುವ ಈ ಕೆಂಪು ಹರಳನ್ನು 1948ರಲ್ಲಿ ಬೇರ್ಪಡಿಸಿದ ಲೆಸ್ಟರ್ ಸ್ಮಿತ್ ಅದನ್ನು ಡೊರೊತಿಯವರ ಕೈಗಿತ್ತರು. ಒಟ್ಟು 181 ಪರಮಾಣುಗಳು, ನಡುವೆ ಒಂದು ಕೋಬಾಲ್ಟ್. ಅಷ್ಟು ದೊಡ್ಡ ಅಣುವನ್ನು ಕ್ಷ-ಕಿರಣದಿಂದ ಬಿಡಿಸಲಾಗದೆಂದು ತಿಳಿದವರೇ ಹೆಚ್ಚು. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಆಗ ಸ್ವಾಕ್ ಎಂಬ ಹೊಸ ಗಣಕಯಂತ್ರವಿತ್ತು. ಅದಕ್ಕೆ ಹರಳಿನ ಲೆಕ್ಕದ ಕ್ರಮವಿಧಿಗಳನ್ನು ಬರೆದಿದ್ದ ಕೆನೆತ್ ಟ್ರೂಬ್ಲಡ್ ಎಂಬವರು ಇಂಗ್ಲೆಂಡಿಗೆ ಬಂದಿದ್ದಾಗ, ಖರ್ಚಿಲ್ಲದೆ ಲೆಕ್ಕ ಮಾಡಿಕೊಡುವುದಾಗಿ ತಾವಾಗಿಯೇ ಹೇಳಿದರು. ಆಕ್ಸ್‌ಫರ್ಡಿನಿಂದ ಅಳತೆಗಳು ಅಂಚೆಯಲ್ಲಿ ಹೋಗುವುದು, ಸಾಗರದಾಚೆಯಿಂದ ಉತ್ತರಗಳು ಅಂಚೆಯಲ್ಲಿ, ತಂತಿಯಲ್ಲಿ ಬರುವುದು, ಅವುಗಳನ್ನು ನಕ್ಷೆಯ ಮೇಲಿಟ್ಟು ಸುಳ್ಳು ಪರಮಾಣುಗಳನ್ನು ಅಳಿಸಿ ಮತ್ತೆ ಕಳುಹಿಸುವುದು. ಹೀಗೆ ನಡೆದ ಕೆಲಸ 1956ರಲ್ಲಿ ಪೂರ್ಣವಾಯಿತು. ಆ ತನಕ ಯಾರೂ ಕಂಡಿರದ ಬಳೆಯೊಂದು ಅದರಲ್ಲಿ ಸಿಕ್ಕಿತು. ಅದಕ್ಕೆ ಕಾರಿನ್ ಎಂಬ ಹೆಸರು ಬಂತು. ಒಬ್ಬರು ಅಳೆದದ್ದನ್ನು ಇನ್ನೊಬ್ಬರ ತಂತ್ರಾಂಶಕ್ಕೆ ನಂಬಿ ಒಪ್ಪಿಸುವ ಪದ್ಧತಿ ಇಂದು ಪ್ರತಿದಿನದ ಮಾತು. ಆ ಕಾಲಕ್ಕೆ ಅದು ದೊಡ್ಡ ವಿಶ್ವಾಸದ ಕೆಲಸ.

ಇದೇ ಡೊರೊತಿಗೆ 1953ರಲ್ಲಿ ಅಮೆರಿಕ ಪ್ರವೇಶಪತ್ರವನ್ನು ನಿರಾಕರಿಸಿತ್ತು. ಶಾಂತಿ ಚಳವಳಿಗಳ ಮತ್ತು ಎಡಪಂಥೀಯರ ಸಹವಾಸವೇ ಅದಕ್ಕೆ ಕಾರಣ. ಅವರ ಅಂಕಿಗಳಿಗೆ ಆ ದೇಶದಲ್ಲಿ ಪ್ರವೇಶವಿತ್ತು, ಅವರಿಗಿರಲಿಲ್ಲ.

ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ 1964ರಲ್ಲಿ ಅವರೊಬ್ಬರಿಗೇ ಸಂದಿತು. ಸುದ್ದಿ ಬಂದಾಗ ಅವರು ಪತಿಯೊಡನೆ ಆಫ್ರಿಕದ ಘಾನಾದಲ್ಲಿದ್ದರು. ಮೇರಿ ಕ್ಯೂರಿ ಮತ್ತು ಮಗಳು ಐರೀನ್ ಅನಂತರ ಆ ಶಾಸ್ತ್ರದಲ್ಲಿ ಈ ಗೌರವ ಪಡೆದ ಮೂರನೆಯ ಮಹಿಳೆ. ಅವರ ದೇಶದ ಕೆಲವು ಪತ್ರಿಕೆಗಳು ಗೃಹಿಣಿಯೊಬ್ಬಳಿಗೆ ನೊಬೆಲ್ ಬಂದಿತೆಂಬ ಧಾಟಿಯಲ್ಲಿ ತಲೆಬರಹ ಕೊಟ್ಟವು. ಮರುವರ್ಷ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ದೊರೆಯಿತು. ಅವರಿಗಿಂತ ಮೊದಲು ಅದನ್ನು ಪಡೆದಿದ್ದ ಮಹಿಳೆ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರೇ. ಬಿರುದುಗಳ ಪಟ್ಟಿಯನ್ನು ಇಷ್ಟಕ್ಕೆ ನಿಲ್ಲಿಸುತ್ತೇನೆ.

ಏಕೆಂದರೆ ಇನ್ಸುಲಿನ್ ಇನ್ನೂ ಬಾಕಿಯಿತ್ತು. ಅದರ ಮೊದಲ ಚಿತ್ರವನ್ನು ಅವರು ತೆಗೆದದ್ದು 1935ರಲ್ಲಿ. ಚುಕ್ಕಿಗಳು ಮೂಡಿದ ಆ ರಾತ್ರಿ ನಿದ್ದೆ ಬಾರದೆ ಆಕ್ಸ್‌ಫರ್ಡಿನ ಬೀದಿಗಳಲ್ಲಿ ಒಬ್ಬರೇ ನಡೆದಾಡಿದರಂತೆ. ಆದರೆ ಸುಮಾರು ಎಂಟುನೂರು ಪರಮಾಣುಗಳ ಆ ಅಣುವನ್ನು ಬಿಡಿಸುವ ಗಣಿತವೂ ಯಂತ್ರವೂ ಆಗ ಜಗತ್ತಿನಲ್ಲಿಯೇ ಇರಲಿಲ್ಲ. ಅವರು ಚಿತ್ರಗಳನ್ನು ಜೋಪಾನವಾಗಿಟ್ಟರು, ಕಾದರು. ಕೊನೆಗೆ 1969ರಲ್ಲಿ, ಮೂವತ್ತನಾಲ್ಕು ವರ್ಷಗಳ ಬಳಿಕ, ರಚನೆ ಹೊರಬಂದಿತು. ಆ ತಂಡದಲ್ಲಿ ಗೈ ಮತ್ತು ಎಲೀನರ್ ಡಾಡ್ಸನ್ ದಂಪತಿಗಳು, ಟಾಮ್ ಬ್ಲಂಡೆಲ್, ಮಾರ್ಗರೆಟ್ ಆಡಮ್ಸ್ ಮೊದಲಾದವರೊಡನೆ ಎಂ. ವಿಜಯನ್ ಅವರೂ ಇದ್ದರು. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮುಗಿಸಿ, ಆಕ್ಸ್‌ಫರ್ಡಿಗೆ ಹೋದವರು. ಅಲ್ಲಿಂದ ಮರಳಿ ಅದೇ ಸಂಸ್ಥೆಯಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನಕ್ಕೆ ನಮ್ಮ ದೇಶದಲ್ಲಿ ಬೇರು ಹಿಡಿಸಿ, 2022ರಲ್ಲಿ ತೀರಿಕೊಂಡರು. ಎರಡು ರಾಜ್ಯಗಳ ಗಡಿಯಲ್ಲಿ ಬದುಕುವ ನಮಗೆ ಈ ಸಂಬಂಧ ಸ್ವಲ್ಪ ಹೆಚ್ಚಾಗಿಯೇ ಮನಸ್ಸಿಗೆ ತಟ್ಟುತ್ತದೆ. ಚೀನದ ವಿಜ್ಞಾನಿಗಳು ಹೊರಜಗತ್ತಿನ ಸಂಪರ್ಕವಿಲ್ಲದೆ ಸ್ವತಂತ್ರವಾಗಿ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದ್ದರು. ಡೊರೊತಿ ಅಲ್ಲಿಗೆ ಹೋಗಿ ಎರಡು ನಕ್ಷೆಗಳನ್ನೂ ಹೋಲಿಸಿ ನೋಡಿ, ಅವರ ಕೆಲಸದ ಹಿರಿಮೆಯನ್ನು ಪಶ್ಚಿಮದ ವಿದ್ವಾಂಸರಿಗೆ ತಿಳಿಸಿದರು.

ಬರ್ನಾಲರ ನಂಬಿಕೆಯ ಕಥೆಗೆ ಮರಳುತ್ತೇನೆ. ಓಲ್ಗಾ ಕೆನಾರ್ಡ್ ಎಂಬ ವಿದುಷಿ ಅದನ್ನು ಕಾರ್ಯಕ್ಕಿಳಿಸಿ, 1965ರಲ್ಲಿ ಕೇಂಬ್ರಿಜ್‌ನಲ್ಲಿ ಹರಳುಗಳ ರಚನೆಗಳ ದತ್ತಾಂಶ ಭಂಡಾರವೊಂದನ್ನು ಆರಂಭಿಸಿದರು. ಇಂಗಾಲದ ಸಂಯುಕ್ತಗಳ ರಚನೆ ಎಲ್ಲಿ ಪ್ರಕಟವಾದರೂ ಅದರ ಪರಮಾಣುಗಳ ಸ್ಥಾನಗಳನ್ನು ಪರೀಕ್ಷಿಸಿ ಅಲ್ಲಿ ನಮೂದಿಸುತ್ತಾರೆ. 2019ರಲ್ಲಿ ಹತ್ತು ಲಕ್ಷದ ನಮೂದು ಸೇರಿತು. ಈಗ ವರ್ಷಕ್ಕೆ ಐವತ್ತು ಸಾವಿರಕ್ಕೂ ಮಿಕ್ಕಿ ಸೇರುತ್ತಿವೆ. ಪ್ರೋಟೀನುಗಳಿಗೆ 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಬೇರೊಂದು ಭಂಡಾರ ಹುಟ್ಟಿತು. ಆಗ ಅದರಲ್ಲಿದ್ದುದು ಏಳು ರಚನೆಗಳು, 2023ಕ್ಕೆ ಎರಡು ಲಕ್ಷ. ವಾರಕ್ಕೊಮ್ಮೆ, ನಮ್ಮ ಗಡಿಯಾರದಂತೆ ಬುಧವಾರ ಬೆಳಗ್ಗೆ 5.30ಕ್ಕೆ, ಹೊಸ ನಮೂದುಗಳು ಹೊರಬರುತ್ತವೆ. ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆಂದು ಮೊದಲೇ ಹೇಳಬಲ್ಲ ಗಣಕ ವಿಧಾನಕ್ಕೆ 2024ರಲ್ಲಿ ನೊಬೆಲ್ ಬಂದುದನ್ನು ಎಲ್ಲರೂ ಓದಿರಬಹುದು. ಆ ಯಂತ್ರ ಪಾಠ ಕಲಿತದ್ದು ಈ ಭಂಡಾರದಲ್ಲಿ ಕೂಡಿದ್ದ ರಚನೆಗಳಿಂದಲೇ.

ಭಂಡಾರವೆಂದರೆ ಹೊಸದನ್ನು ಸೇರಿಸುವುದಷ್ಟೇ ಅಲ್ಲ, ಹಳೆಯದನ್ನು ತಿದ್ದುವುದೂ ಹೌದು. ಕ್ಯಾಲಿಫೋರ್ನಿಯದ ರಿಚರ್ಡ್ ಮಾರ್ಷ್ ಎಂಬವರು ಅಚ್ಚಾದ ರಚನೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಹರಳಿನ ಸಮ್ಮಿತಿಯನ್ನು ತಪ್ಪಾಗಿ ಗುರುತಿಸಿದ್ದ ನೂರಾರು ಲೇಖನಗಳನ್ನು ಸರಿಪಡಿಸಿದರು. ತಮ್ಮ ಲೇಖನ ಅವರ ಕಣ್ಣಿಗೆ ಬಿದ್ದೀತೆಂದು ನಾವೆಲ್ಲ ಹೆದರುತ್ತಿದ್ದೆವು! ಈಗ ಆ ಪರೀಕ್ಷೆಯ ಬಹುಭಾಗವನ್ನು ತಂತ್ರಾಂಶವೇ ಮಾಡುತ್ತದೆ. ರಚನೆಯನ್ನು ಒಪ್ಪಿಸಿದೊಡನೆ ಸಂಶಯವಿರುವ ಜಾಗಗಳನ್ನು ದರ್ಜೆವಾರು ಪಟ್ಟಿಮಾಡಿ ಮುಂದಿಡುತ್ತದೆ.

ಈ ಮಾತನ್ನು ನಾನು ಹೊರಗಿನವನಾಗಿ ಹೇಳುತ್ತಿಲ್ಲ. 1980ರ ದಶಕದಲ್ಲಿ ನಾನೂ ಸಂಶೋಧಕನಾಗಿ ಮೂರು ಸಂಯುಕ್ತಗಳ ಹರಳುಗಳನ್ನು ಅಳೆದು ಬಿಡಿಸಿದ್ದೆ. ಇನ್ನಷ್ಟು ಚೆನ್ನಾಗಿ ಮಾಡಿ ಪ್ರಕಟಿಸೋಣವೆಂದು ಇಟ್ಟುಕೊಂಡೆ. ಉದ್ಯೋಗ ಬದಲಾಯಿತು, ಪುಸ್ತಕಗಳು ಟ್ರಂಕಿನೊಡನೆ ಊರಿಗೆ ಬಂದವು. ಎರಡನ್ನು ಗೆದ್ದಲು ತಿಂದಿತು. ಅವುಗಳಲ್ಲೊಂದನ್ನು ಹದಿನೈದು ವರ್ಷಗಳ ಬಳಿಕ ಬೇರೆ ದೇಶದವರು ಮೊದಲಿನಿಂದ ಬೆಳೆಸಿ, ಅಳೆದು, ಭಂಡಾರಕ್ಕೆ ಸೇರಿಸಿದ್ದನ್ನು ಕಂಡೆ. ಅವರ ಒಂದೆರಡು ವರ್ಷದ ದುಡಿಮೆ ನನ್ನ ಸೋಮಾರಿತನದ ಬೆಲೆ. ಸೊಟ್ಟ ಬೆರಳುಗಳಿಂದ ಮೂವತ್ತನಾಲ್ಕು ವರ್ಷ ಇನ್ಸುಲಿನ್ನಿನ ಚಿತ್ರಗಳನ್ನು ಕಾದಿಟ್ಟವರ ಜೀವನವನ್ನು ಓದುವಾಗ ನನಗೆ ನಾಚಿಕೆಯಾಗುವುದು ಇದೇ ಕಾರಣದಿಂದ.

ಡೊರೊತಿ 1977ರಲ್ಲಿ ನಿವೃತ್ತರಾದರೂ ಇನ್ಸುಲಿನ್ನನ್ನು ಬಿಡಲಿಲ್ಲ. ಇನ್ನೂ ಸೂಕ್ಷ್ಮವಾಗಿ ಅಳೆದು, ನೀರಿನ ಅಣುಗಳ ಸ್ಥಾನಗಳನ್ನೂ ಗುರುತಿಸಿದ ದೀರ್ಘ ಲೇಖನ 1988ರಲ್ಲಿ ಹೊರಬಂತು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. 1976ರಿಂದ 1988ರವರೆಗೆ ಅಣ್ವಸ್ತ್ರಗಳ ವಿರುದ್ಧ ದುಡಿಯುವ ಪಗ್‌ವಾಶ್ ಸಂಘಟನೆಯ ಅಧ್ಯಕ್ಷರಾಗಿದ್ದರು. ಅವರ ಹಳೆಯ ವಿದ್ಯಾರ್ಥಿನಿ ಮಾರ್ಗರೆಟ್ ಥ್ಯಾಚರ್ ಪ್ರಧಾನಮಂತ್ರಿಯಾಗಿದ್ದಾಗ, ರಾಜಕೀಯದಲ್ಲಿ ಪೂರ್ಣ ವಿರುದ್ಧವಿದ್ದರೂ, ಶಾಂತಿಯ ವಿಚಾರವಾಗಿ ಹೋಗಿ ಮಾತನಾಡಿದರು. 1993ರಲ್ಲಿ ಬೀಜಿಂಗಿನಲ್ಲಿ ನಡೆದ ಹರಳುಶಾಸ್ತ್ರಜ್ಞರ ಮಹಾಸಮ್ಮೇಳನಕ್ಕೆ ಗಾಲಿಕುರ್ಚಿಯಲ್ಲಿ ಕುಳಿತೇ ಬಂದರು. ಮರುವರ್ಷ ಜುಲೈ 29ರಂದು ಇಲ್ಮಿಂಗ್ಟನ್ ಎಂಬ ಹಳ್ಳಿಯ ಮನೆಯಲ್ಲಿ ನಿಧನರಾದರು.

ಪ್ರೋಟೀನು ಭಂಡಾರದಲ್ಲಿ ಅವರ ಇನ್ಸುಲಿನ್ನಿನ ಹಳೆಯ ನಮೂದಿನ ಗುರುತು 1ಐಎನ್ಎಸ್. ಅದನ್ನು ಹುಡುಕಿದರೆ ಈಗ ಹಿಂದಕ್ಕೆ ಸರಿಸಲಾಗಿದೆಯೆಂಬ ಸೂಚನೆ ಬರುತ್ತದೆ. ಅದರ ಸ್ಥಾನದಲ್ಲಿರುವುದು 4ಐಎನ್ಎಸ್. ತಮ್ಮ ರಚನೆಯನ್ನು ತಾವೇ ತಿದ್ದಿ, ಹಳೆಯದನ್ನು ತೆಗೆಸಿ, ಹೊಸದನ್ನು ಇರಿಸಿದ್ದಾರೆ. ಆ ನಮೂದಿನ ಕರ್ತೃಗಳ ಸಾಲಿನಲ್ಲಿ ಡಾಡ್ಸನ್ ದಂಪತಿಗಳೊಡನೆ ಹಾಜ್‌ಕಿನ್ ಮತ್ತು ವಿಜಯನ್ ಇಬ್ಬರ ಹೆಸರುಗಳೂ ಇವೆ.

ಗೆದ್ದಲು ಮುಟ್ಟದೆ ಉಳಿದ ನನ್ನ ಮೂರನೆಯ ಪುಸ್ತಕವನ್ನು ಕಳೆದ ಮಳೆಗಾಲದಲ್ಲಿ ಹೊರತೆಗೆದೆ. ಲೇಖನವಾಗಿ ಅಚ್ಚಾಗದ ರಚನೆಗಳನ್ನೂ ಕೇಂಬ್ರಿಜ್ ಭಂಡಾರ ಸ್ವೀಕರಿಸುತ್ತದೆ. ಅಂಕಿಗಳನ್ನು ಮಗಳು ಟೈಪು ಮಾಡಿಕೊಟ್ಟಳು. ತಂತ್ರಾಂಶ ಏಳು ಸಂಶಯಗಳನ್ನು ಎತ್ತಿತು. ಆರು ಹಳೆಯ ಅಳತೆಯ ಮಿತಿಯಿಂದ ಬಂದವು. ಏಳನೆಯದು ನಾನು ತಪ್ಪಾಗಿ ಕೂರಿಸಿದ್ದ ಒಂದು ಜಲಜನಕ. ಅದನ್ನು ಸರಿಪಡಿಸಿ ಕಳುಹಿಸಿದ್ದೇನೆ.